ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ

ಎಲ್ಲರಿಗೂ ನಮಸ್ಕಾರ.

ಒಂದೇ ಸಂಜೆ, ಒಂದೇ ವೇದಿಕೆಯ ಮೇಲೆ ಹಿಂದೂಸ್ತಾನಿ ಗಾಯನ, ಸಭಾ ಕಾರ್ಯಕ್ರಮ, ವೇಷ ಕಟ್ಟಿ ಕುಣಿಯುವ ನಮ್ಮ ಬಯಲಾಟವಾದ ದೊಡ್ಡಾಟ. ಧಾರವಾಡದ ಕಲಾಭವನ ಮೈದಾನವಿರಲಿ, ಗದಗ-ಹಾವೇರಿಯ ಊರ ಬಯಲಿರಲಿ, ಇಂಥ ಉತ್ಸವ ನಮಗೆ ಹೊಸದಲ್ಲ. ಇದು ಹದಗೆಡುವುದು ಹೆಚ್ಚಾಗಿ ಕಲಾವಿದರಿಂದಲ್ಲ, ಎರಡು ಪ್ರಯೋಗಗಳ ನಡುವಿನ ಹೊತ್ತಿನಲ್ಲಿ. ಇವತ್ತಿನ ಮಾತು ಆ ಹೊತ್ತಿನ ಬಗ್ಗೆ.

ವೇಳಾಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ಹಾಕಬೇಕು. 2000ರ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ-ಉತ್ಸವಗಳಿಗೆ ಸರ್ಕಾರ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಆ ಸಡಿಲಿಕೆ ನಂಬಿ ಕೂರಬೇಡಿ. 9:50ಕ್ಕೆ ಮಂಗಳ ಎಂದಿಟ್ಟುಕೊಳ್ಳಿ. ದೊಡ್ಡಾಟದ ಆಯ್ದ ಭಾಗಕ್ಕೆ 90 ನಿಮಿಷ, ಅಂದರೆ 8:20ಕ್ಕೆ ಪರದೆ. ಸಭೆ 7:50ರಿಂದ 8:15. ಗಾಯನ 6:30ರಿಂದ 7:45. ನಡುವೆ ಉಳಿಯುವುದು ಎರಡು ಸಲ ಐದೈದು ನಿಮಿಷ ಮಾತ್ರ.

ಹಾಗಾದರೆ ವೇದಿಕೆ ಬದಲಿಸುವುದು ಯಾವಾಗ? ಸಭೆ ನಡೆಯುವಾಗಲೇ. ವೇದಿಕೆಯ ಮುಂಭಾಗದಿಂದ 8 ಅಡಿ ಒಳಗೆ ನಡುಪರದೆ ಕಟ್ಟಿ. ಗಣ್ಯರಿಗೆ ಪರದೆಯ ಮುಂದೆ ಒಂದೇ ಸಾಲು ಕುರ್ಚಿ, ಮೇಜು ಬೇಡ. ಗಾಯನದ ಕಟ್ಟೆಯನ್ನು ಪರದೆಯ ಹಿಂದೆ 8×4 ಅಡಿಯ ಮೂರು ತುಂಡುಗಳಲ್ಲಿ, ಒಂದಡಿ ಎತ್ತರಕ್ಕೆ ಮಾಡಿಸಿ. ತುಂಡಿಗೆ ನಾಲ್ವರಂತೆ ಎತ್ತಿದರೆ ಸದ್ದಿಲ್ಲದೆ ಹೊರಗೆ ಹೋಗುತ್ತದೆ. ಒಂದೇ ಅಖಂಡ ಕಟ್ಟೆ ಮಾಡಿಸಿದರೆ ಅದನ್ನು ಎಳೆಯುವ ಸದ್ದು ಅಧ್ಯಕ್ಷರ ಭಾಷಣದ ಮೈಕಿನಲ್ಲಿ ಕೇಳುತ್ತದೆ. ದೊಡ್ಡಾಟದ ಮದ್ದಳೆಯ ಶ್ರುತಿಯನ್ನಂತೂ ಅಲ್ಲಿ ನೋಡಲೇಬಾರದು, ದೂರದ ಬಣ್ಣದ ಕೋಣೆಯಲ್ಲಿ ಮುಗಿಸಿಕೊಂಡು ಬರಬೇಕು.

ಗಾಯನದ ಶ್ರುತಿಯದು ಬೇರೆಯೇ ಕಥೆ. ಹ್ಯಾಲೊಜನ್ ದೀಪದ ಕಾವಿಗೆ ತಂಬೂರಿಯ ತಂತಿ ಸಡಿಲಾಗಿ ಶ್ರುತಿ ಇಳಿಯುತ್ತದೆ. ಅದೇ ಕಾವಿಗೆ ತಬಲಾದ ಚರ್ಮ ಒಣಗಿ ಬಿಗಿದು ಏರುತ್ತದೆ. ಒಳಕೋಣೆಯಲ್ಲಿ ಚೊಕ್ಕ ಶ್ರುತಿ ಕೂಡಿದ್ದು ವೇದಿಕೆಯ ಮೇಲೆ ಹತ್ತು ನಿಮಿಷದಲ್ಲಿ ಎರಡು ದಿಕ್ಕಿಗೆ ಹೋಗುವುದು ಇದಕ್ಕೇ. ಆದ್ದರಿಂದ 6:10ಕ್ಕೇ ದೀಪಗಳನ್ನು ಗಾಯನದ ಹೊತ್ತಿನಲ್ಲಿ ಇರಬೇಕಾದಷ್ಟೇ ಪ್ರಮಾಣಕ್ಕೆ ಹಚ್ಚಿಟ್ಟು, ವಾದ್ಯಗಳನ್ನು ಅದರಡಿ ಕೂಡಿಸಿಕೊಳ್ಳಲು ಬಿಡಿ. ಫ್ಯಾನಿನ ಗಾಳಿ ನೇರವಾಗಿ ವಾದ್ಯಕ್ಕೂ ಮೈಕಿಗೂ ಬಡಿಯದಿರಲಿ. ಗಾಯಕರು ಕೇಳುವ ಈ ಇಪ್ಪತ್ತು ನಿಮಿಷವನ್ನು ಕೆಲವು ಸಂಘಟಕರು ಹಠ ಎನ್ನುತ್ತಾರೆ. ಅದು ಗಾಯಕರ ಹಕ್ಕು.

ದೊಡ್ಡಾಟದ ಹೆಜ್ಜೆ ಭಾರ. ಹಲಗೆಯ ಅಡಿಯ ಅಡ್ಡಪಟ್ಟಿ ಎರಡಡಿಗೊಂದು ಇರಲಿ, ಜಮಖಾನೆಯನ್ನು ಎಳೆದು ಅಂಚಿಗೆ ಬಿಗಿಯಿರಿ. ಸಡಿಲ ಬಿಟ್ಟರೆ ಕಿರೀಟ, ಭುಜಕೀರ್ತಿ ಹೊತ್ತ ವೇಷಧಾರಿ ಎಡವುತ್ತಾನೆ. ಮೈಕ್ ಸ್ಟ್ಯಾಂಡ್ ಹಲಗೆಯ ಮೇಲೆ ನೇರ ನಿಂತರೆ ಹೆಜ್ಜೆಯೆಲ್ಲ ಧಪಧಪ ಎಂದು ಸ್ಪೀಕರಿಗೆ ಹೋಗುತ್ತದೆ, ಅಡಿಗೆ ದಪ್ಪ ರಬ್ಬರ್ ಹಾಕಿ, ಮೈಕುಗಳ ಧ್ವನಿ ಬೆರೆಸುವ ಮಿಕ್ಸರಿನಲ್ಲಿ 100 ಹರ್ಟ್ಸ್‌ನ ಕೆಳಗಿನ ಸದ್ದನ್ನು ತಗ್ಗಿಸಿ. ಗಾಯನಕ್ಕೆ 1ರಿಂದ 8, ಆಟಕ್ಕೆ 9ರಿಂದ 16, ನಿರೂಪಕರಿಗೂ ಸಭೆಗೂ 17ರಿಂದ 20, ಹೀಗೆ ಚಾನೆಲ್ ಮೊದಲೇ ಹಂಚಿ. ನಡುವೆ ವೈರ್ ಕಿತ್ತು ಚುಚ್ಚುವ ಕೆಲಸವೇ ಇರಬಾರದು.

ಇನ್ನು ಕರೆಂಟು. 1000 ವ್ಯಾಟಿನ 24 ಪಾರ್ ದೀಪ, ಅಂದರೆ ಡಬ್ಬಿಯಂಥ ವೇದಿಕೆ ದೀಪ, ಎಂದರೆ 24 ಕಿಲೋವ್ಯಾಟ್. ಮೂರು ಫೇಸಿಗೆ ಹಂಚಿದರೆ ಒಂದೊಂದಕ್ಕೆ 8 ಕಿಲೋವ್ಯಾಟ್, ಸುಮಾರು 35 ಆಂಪಿಯರ್. 62.5 ಕೆವಿಎ ಜನರೇಟರ್ ಕೊಡುವುದು 50 ಕಿಲೋವ್ಯಾಟ್, ಅದನ್ನೂ ಮುಕ್ಕಾಲಿಗಿಂತ ಹೆಚ್ಚು ದುಡಿಸಬೇಡಿ. ಧ್ವನಿಗೆ ಪ್ಯಾನೆಲ್‌ನಿಂದಲೇ ಬೇರೆ ಕೇಬಲ್ ಎಳೆಯಿರಿ. ದೀಪದ ಬೆಳಕು ಏರಿಳಿಸುವ ಡಿಮ್ಮರ್ ಜೊತೆ ಹಂಚಿಕೊಂಡರೆ ಆಲಾಪದ ಮೌನದಲ್ಲಿ ಗುಂಯ್ ಸದ್ದು ಕೇಳುತ್ತದೆ. ಎಲ್ಲಕ್ಕಿಂತ ಅಪಾಯ ಸಡಿಲಾದ ನ್ಯೂಟ್ರಲ್, ಅಂದರೆ ಮೂರು ಫೇಸಿಗೂ ಒಂದೇ ಆದ ಮರಳು ತಂತಿ. ಅದು ಕಡಿದರೆ ಹಗುರ ಹೊರೆಯ ಫೇಸಿನಲ್ಲಿ 230 ವೋಲ್ಟ್ ಇರಬೇಕಾದದ್ದು 400ರ ಹತ್ತಿರ ಏರಬಹುದು. ಮೊದಲು ಸುಡುವುದು ಮಿಕ್ಸರ್. ಮೀಟರ್ ಹಿಡಿದು ನೋಡದೆ ಅದನ್ನು ಆನ್ ಮಾಡಬೇಡಿ.

ಹೊತ್ತು ಮೀರಿದರೆ ಕತ್ತರಿ ಎಲ್ಲಿ? ಸನ್ಮಾನದ ಭಾಷಣಕ್ಕೆ, ಆಟಕ್ಕಲ್ಲ. ತಿಂಗಳುಗಟ್ಟಲೆ ತಾಲೀಮು ಮಾಡಿ ಬಂದ ಮೇಳಕ್ಕೆ ಕೊನೆಯ ಯುದ್ಧ ಬಿಡಿ ಎನ್ನುವುದು ಅನ್ಯಾಯ. ಆದರೂ ಮಳೆಯೋ ಕರೆಂಟೋ ಕೈಕೊಟ್ಟ ದಿನಕ್ಕೆಂದು, ಯಾವ ಎರಡು ಪದ (ಹಾಡು) ಬಿಟ್ಟರೆ ಕಥೆ ಕೆಡುವುದಿಲ್ಲ ಎಂದು ಮೇಳದ ಮಾಸ್ತರರನ್ನು ಬೆಳಿಗ್ಗೆಯೇ ಕೇಳಿ ಬರೆದುಕೊಳ್ಳಿ.