ಹಗ್ಗ ಎಳೆದಾಗ ಯಾರು ಬರುತ್ತಾರೆ?

ಸ್ನೇಹಿತರೇ, ನಮಸ್ಕಾರ.

ಕೆಲಸದ ಜಾಗ ದಿನದಿಂದ ದಿನಕ್ಕೆ ಸುಧಾರಿಸಬೇಕು ಅಂತ ಎಲ್ಲರೂ ಹೇಳುತ್ತೇವೆ. ಅದನ್ನು ಮಾಡುವವರು ಯಾರು? ಹೊರಗಿನಿಂದ ಒಬ್ಬ ಜಾಣ ಬಂದು ಎಲ್ಲ ಸರಿಮಾಡುತ್ತಾನೆ ಅಂತ ಕಾಯುವವರು ಜಾಸ್ತಿ. ನಾನು ನಂಬುವುದು ತಂಡವನ್ನು. ಯಾಕೆಂದರೆ ಎಷ್ಟೋ ತೊಂದರೆಗಳು ಹುಟ್ಟುವುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ದಾಟುವಾಗ. ಇಬ್ಬರೂ ಒಟ್ಟಿಗೆ ನಿಂತು ನೋಡದೆ ಅವು ಕಾಣುವುದೇ ಇಲ್ಲ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್‌ನ ಕಾರು ಕಾರ್ಖಾನೆಯೊಂದಿತ್ತು. ಗೈರುಹಾಜರಿ, ಜಗಳ, ಕಳಪೆ ಕಾರುಗಳು. 1982ರಲ್ಲಿ ಅದನ್ನು ಮುಚ್ಚಿದರು. 1984ರಲ್ಲಿ ಟೊಯೋಟಾ ಜೊತೆ ಸೇರಿ 'ನುಮ್ಮಿ' ಎಂಬ ಹೆಸರಿನಲ್ಲಿ ಮತ್ತೆ ತೆರೆದರು. ಕೆಲಸಕ್ಕೆ ತೆಗೆದುಕೊಂಡದ್ದು ಬಹುಪಾಲು ಹಳೆಯ ಕಾರ್ಮಿಕರನ್ನೇ, ಹಳೆಯ ಯೂನಿಯನ್ನೂ ಇತ್ತು. ಆದರೂ ಸ್ವಲ್ಪ ಕಾಲದಲ್ಲೇ ಅಲ್ಲಿನ ಗುಣಮಟ್ಟ ಜನರಲ್ ಮೋಟರ್ಸ್‌ನ ಬೇರೆ ಕಾರ್ಖಾನೆಗಳನ್ನು ಮೀರಿಸಿತು. ಗೈರುಹಾಜರಿಯೂ ಇಳಿಯಿತು.

ಜನ ಅವರೇ. ಬದಲಾದದ್ದು ಅವರು ಕೆಲಸ ಮಾಡುವ ರೀತಿ. ನಾಲ್ಕಾರು ಜನರ ಸಣ್ಣ ತಂಡ, ಅದಕ್ಕೊಬ್ಬ ಟೀಮ್ ಲೀಡರ್. ಕಾರು ಜೋಡಿಸುವ ಲೈನ್ ಪಕ್ಕದಲ್ಲಿ ಒಂದು ಹಗ್ಗ. ಏನಾದರೂ ತಪ್ಪು ಕಂಡರೆ ಯಾರು ಬೇಕಾದರೂ ಎಳೆಯಬಹುದಿತ್ತು. ಲೀಡರ್ ಓಡಿಬಂದು ಜೊತೆಗೆ ನಿಲ್ಲುತ್ತಿದ್ದ. ಅಷ್ಟರಲ್ಲಿ ಸರಿಹೋಗದಿದ್ದರೆ ಲೈನ್ ನಿಲ್ಲುತ್ತಿತ್ತು. ಮುಂಚೆ ಅದೇ ಜಾಗದಲ್ಲಿ ಲೈನ್ ನಿಲ್ಲಿಸುವುದೆಂದರೆ ದೊಡ್ಡ ಅಪರಾಧ!

ಹಗ್ಗವನ್ನು ಯಾವ ಕಾರ್ಖಾನೆಯಲ್ಲೂ ಕಟ್ಟಬಹುದು. ಆದರೆ ಎಳೆದವನ ಹತ್ತಿರ ಬಂದವರು "ಯಾರ ತಪ್ಪು?" ಅಂತ ಕೇಳಿದರೆ, ನಾಳೆಯಿಂದ ಯಾರೂ ಅದನ್ನು ಮುಟ್ಟುವುದಿಲ್ಲ. "ಏನಾಯ್ತು, ನೋಡೋಣ" ಅಂದರೆ ಮಾತ್ರ ಮತ್ತೆ ಎಳೆಯುತ್ತಾರೆ.

1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಎಂಬ ಅಮೆರಿಕದ ಸಂಶೋಧಕಿ ಆಸ್ಪತ್ರೆಗಳ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಚೆನ್ನಾಗಿ ಹೊಂದಿಕೊಂಡಿರುವ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅಲ್ವಾ? ಲೆಕ್ಕದಲ್ಲಿ ಅಲ್ಲೇ ಜಾಸ್ತಿ ಕಂಡವು. ಆ ತಂಡಗಳು ತಪ್ಪನ್ನು ಮುಚ್ಚಿಡದೆ ಬಾಯಿಬಿಟ್ಟು ಹೇಳುತ್ತಿದ್ದವು ಎಂಬ ವಿವರಣೆಗೆ ಅವರು ಬಂದರು. ಹಾಗಾಗಿ ನಿಮ್ಮ ವಿಭಾಗದ ವರದಿಯಲ್ಲಿ ತಪ್ಪೇ ಇಲ್ಲ ಅಂತಿದ್ದರೆ, ದಯವಿಟ್ಟು ಸಂಭ್ರಮಿಸುವ ಮುಂಚೆ ಹೋಗಿ ಜನರ ಜೊತೆ ಮಾತಾಡಿ.

ಸಲಹಾ ಪೆಟ್ಟಿಗೆಯ ಬಗ್ಗೆಯೂ ಒಂದು ಮಾತು. ಚೀಟಿ ಹಾಕಿದವರಿಗೆ ಉತ್ತರ ಬರದಿದ್ದರೆ ಅದು ಸುಮ್ನೆ ಗೋಡೆಗೆ ನೇತುಹಾಕಿದ ಡಬ್ಬ. ಒಳ್ಳೆಯ ಸಲಹೆಗೆ ಒಬ್ಬರಿಗಷ್ಟೇ ಬಹುಮಾನ ಕೊಡುವುದೂ ನನಗೆ ಸರಿ ಕಾಣುವುದಿಲ್ಲ. ಉಪಾಯ ತನ್ನದಾಗಬೇಕು ಅಂತ ಪಕ್ಕದವನಿಗೆ ಹೇಳದೆ ಬಚ್ಚಿಡುವ ಅಭ್ಯಾಸ ಹುಟ್ಟುತ್ತದೆ.

ಕೊನೆಯದಾಗಿ, ತಂಡ ಕಂಡುಕೊಂಡ ಹೊಸ ವಿಧಾನವನ್ನು ಬರೆದಿಡಿ. ಅದನ್ನೇ ಎಲ್ಲ ಶಿಫ್ಟ್‌ನವರೂ ಪಾಲಿಸಲಿ. ಅದಕ್ಕೆ ಮುಂಚೆ ರಾತ್ರಿ ಪಾಳಿಯವರನ್ನೂ ಕರೆದು ಕೇಳಿ. ಅದೇ ಯಂತ್ರದ ಮುಂದೆ ಅವರೂ ಎಂಟು ಗಂಟೆ ನಿಲ್ಲುತ್ತಾರೆ.