ಒಂದೇ ಒಂದು ಆಮ್ಲಜನಕ

ಕೇಳುಗರೇ, ನಮಸ್ಕಾರ.

ಆರು ಇಂಗಾಲಗಳು ಕೈ ಕೈ ಹಿಡಿದು ನಿಂತ ಉಂಗುರವೇ ಬೆಂಜೀನ್. ಒಂದೊಂದು ಇಂಗಾಲಕ್ಕೂ ಒಂದೊಂದು ಜಲಜನಕ. ಆರರಲ್ಲಿ ಯಾವುದಾದರೂ ಒಂದು ಕಡೆ, ಇಂಗಾಲಕ್ಕೂ ಜಲಜನಕಕ್ಕೂ ನಡುವೆ ಒಂದು ಆಮ್ಲಜನಕ ಸೇರಿಸಿದರೆ ಅದು ಫೀನಾಲ್. 1860ರ ದಶಕದಲ್ಲಿ ಜೋಸೆಫ್ ಲಿಸ್ಟರ್ ಗಾಯ ಕೀವಾಗದಂತೆ ಬಳಸಿದ ಕಾರ್ಬಾಲಿಕ್ ಆಮ್ಲ ಇದೇ. ಪ್ಲೈವುಡ್ಡಿನ ಅಂಟು, ಗಟ್ಟಿ ಪ್ಲಾಸ್ಟಿಕ್, ಆಸ್ಪಿರಿನ್, ಎಲ್ಲಕ್ಕೂ ಇದು ಬೇಕು.

ಕಾಗದದ ಮೇಲೆ ಒಂದೇ ಹೆಜ್ಜೆ, ಅಲ್ವಾ? ಕಾರ್ಖಾನೆಯಲ್ಲಿ ಮೂರು. ಬೆಂಜೀನ್‌ಗೆ ಪ್ರೊಪಿಲೀನ್ ಸೇರಿಸಿ ಕ್ಯೂಮೀನ್ ಮಾಡಬೇಕು. ಅದಕ್ಕೆ ಗಾಳಿ ಊದಿ ಪೆರಾಕ್ಸೈಡ್ ಮಾಡಬೇಕು. ಆಮೇಲೆ ಅದನ್ನು ಆಮ್ಲದಿಂದ ಒಡೆಯಬೇಕು. ಆ ಪೆರಾಕ್ಸೈಡ್ ಕಾವು ಮೀರಿದರೆ ಸಿಡಿಯುವಂಥದ್ದು. ಜೊತೆಗೆ ಒಂದು ಟನ್ ಫೀನಾಲ್‌ಗೆ ಸುಮಾರು 600 ಕಿಲೋ ಅಸಿಟೋನ್ ಬೇಡವೆಂದರೂ ಬರುತ್ತದೆ. ಅದನ್ನು ಕೊಳ್ಳುವವರು ಇಲ್ಲದಿದ್ದರೆ ಫೀನಾಲ್ ಲೆಕ್ಕವೇ ತಲೆಕೆಳಗು.

ಹಾಗಾದರೆ ನೇರವಾಗಿ ಯಾಕೆ ಮಾಡಬಾರದು? ಆಮ್ಲಜನಕ ಸೇರಿಸುವುದು ಕಷ್ಟ, ನಿಜ. ಅದಕ್ಕಿಂತ ಕಷ್ಟ ಒಂದಕ್ಕೇ ನಿಲ್ಲಿಸುವುದು. ಬೆಂಜೀನ್ ಸುಲಭಕ್ಕೆ ಜಗ್ಗುವುದಿಲ್ಲ. ಒಮ್ಮೆ ಫೀನಾಲ್ ಆಯಿತೋ, ಅದೇ ಉಂಗುರ ಸಡಿಲವಾಗಿಬಿಡುತ್ತದೆ. ಎರಡನೇ ಆಮ್ಲಜನಕ ಬೆಂಜೀನನ್ನು ಬಿಟ್ಟು ಫೀನಾಲ್ ಮೇಲೇ ಬೀಳುತ್ತದೆ. ಹಾಗೇ ಬಿಟ್ಟರೆ ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು.

ನನಗೆ ತುಂಬಾ ಹಿಡಿಸಿದ ಉತ್ತರ ರಷ್ಯಾದ ನೊವೊಸಿಬಿರ್ಸ್ಕ್‌ನಿಂದ ಬಂದದ್ದು. ಅಲ್ಲಿನ ಬೊರೆಸ್ಕೊವ್ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಪಾನೊವ್ ಮತ್ತು ಸಂಗಡಿಗರು ಝಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜದೊಳಗೆ ಚೂರು ಕಬ್ಬಿಣ ಇಟ್ಟರು. ರಂಧ್ರದ ಅಗಲ ಸುಮಾರು ಅರ್ಧ ನ್ಯಾನೋಮೀಟರ್. ಬೆಂಜೀನ್ ಮೈ ಹಿಡಿಯಾಗಿ ನುಸುಳುವಷ್ಟೇ ಜಾಗ. ಅದರೊಳಕ್ಕೆ ನೈಟ್ರಸ್ ಆಕ್ಸೈಡ್ ಬಿಟ್ಟರು. ಅದೇ, ನಗೆ ಅನಿಲ. ಅದರಲ್ಲಿ ಇರುವುದೇ ಒಂದು ಆಮ್ಲಜನಕ! ಕಬ್ಬಿಣ ಅದನ್ನು ಕಿತ್ತು ಇಟ್ಟುಕೊಳ್ಳುತ್ತದೆ, ಸಾರಜನಕ ಸುಮ್ನೆ ಹೊರಟುಹೋಗುತ್ತದೆ. ಹತ್ತಿರ ಬಂದ ಬೆಂಜೀನ್‌ಗೆ ಆ ಒಂದು ಸಿಗುತ್ತದೆ. ಬದಲಾದ ಬೆಂಜೀನ್‌ನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಫೀನಾಲ್ ಆಯಿತು. ನೈಲಾನ್‌ಗೆ ಬೇಕಾದ ಅಡಿಪಿಕ್ ಆಮ್ಲ ಮಾಡುವಾಗ ಈ ಅನಿಲ ಹೇಗೂ ಹೊರಬರುತ್ತದೆ, ಬಿಟ್ಟರೆ ಭೂಮಿಯನ್ನು ಕಾಯಿಸುತ್ತದೆ. ಆದರೆ ಇದಕ್ಕೆಂದೇ ತಯಾರಿಸಲು ಹೊರಟರೆ ಖರ್ಚು ಜಾಸ್ತಿ. ರಂಧ್ರಗಳಲ್ಲಿ ಮಸಿಯೂ ಕಟ್ಟಿಕೊಳ್ಳುತ್ತದೆ, ಆಗಾಗ ಸುಟ್ಟು ತೆಗೆಯಬೇಕು.

ಗಾಳಿಯ ಆಮ್ಲಜನಕವನ್ನೇ ಬಳಸಬಹುದಲ್ಲ ಅನ್ನಬಹುದು. ಆದರೆ ಅದು ಜೋಡಿಯಾಗಿರುತ್ತದೆ. ಒಂದು ಬೆಂಜೀನ್‌ಗೆ ಹೋದರೆ ಇನ್ನೊಂದನ್ನು ಯಾರು ಹಿಡಿಯಬೇಕು? 2002ರಲ್ಲಿ ಜಪಾನಿನ ವಿಜ್ಞಾನಿಗಳು ಪಲಾಡಿಯಂ ಪೊರೆಯ ಮೂಲಕ ಜಲಜನಕವನ್ನು ಹಾಯಿಸಿ, ಆ ಇನ್ನೊಂದನ್ನು ನೀರಾಗಿಸುವ ದಾರಿ ತೋರಿಸಿದರು.

ನಮ್ಮ ಯಕೃತ್ತು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಮೈಗೆ ಬೆಂಜೀನ್ ಹೊಕ್ಕರೆ ಅಲ್ಲಿನ ಒಂದು ಕಿಣ್ವ, ಅದರಲ್ಲೂ ನಡುವೆ ಕಬ್ಬಿಣವೇ, ಗಾಳಿಯ ಜೋಡಿಯಲ್ಲಿ ಒಂದನ್ನು ಬೆಂಜೀನ್‌ಗೆ ಕೊಟ್ಟು ಇನ್ನೊಂದನ್ನು ನೀರು ಮಾಡುತ್ತದೆ. ಅದೂ 37 ಡಿಗ್ರಿಯಲ್ಲಿ.

ನಮಸ್ಕಾರ.