ಕೋಳಿಜುಟ್ಟು: ಅಡುಗೆಗೆ ಸೊಪ್ಪು, ಹೂದಾನಿಗೆ ದಂಟು

ಕೇಳುಗರಿಗೆ ನಮಸ್ಕಾರ. ಹಾಸನ, ಅರಸೀಕೆರೆ ಕಡೆಯ ರಾಗಿ ಹೊಲಗಳಲ್ಲಿ ಅಣ್ಣೆಸೊಪ್ಪನ್ನು ಕಳೆಯೆಂದು ಕೀಳುವವರೂ ಅದರ ಎಳೆಯ ಕುಡಿಯನ್ನು ಬೆರಕೆಸೊಪ್ಪಿಗೆ ಸೇರಿಸದೆ ಬಿಡುವುದಿಲ್ಲ. ಹೂವಿನಂಗಡಿಯಲ್ಲಿ ಮಖಮಲ್ಲಿನಂತೆ ಮಡಿಕೆಮಡಿಕೆಯಾಗಿ ಕಾಣುವ ಕೋಳಿಜುಟ್ಟು ಇದೇ ಅಣ್ಣೆಸೊಪ್ಪಿನ, ಅಂದರೆ ಸೆಲೋಸಿಯಾ ಅರ್ಜೆಂಟಿಯಾ ಪ್ರಭೇದದ, ಅಲಂಕಾರಿಕ ರೂಪವಾದ್ದರಿಂದ, ಒಂದೇ ಮಡಿಯಿಂದ ಸೊಪ್ಪನ್ನೂ ಹೂದಂಟನ್ನೂ ಪಡೆಯಬಹುದು. ಆದರೆ ಸೊಪ್ಪಿನ ಸರದಿ ಮೊದಲು. ಹೂ ಬಂದ ಮೇಲೆ ಎಲೆ ಬಲಿತು ರುಚಿ ಕೆಡುತ್ತದೆ.

ಈ ಗಿಡಕ್ಕೆ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಸಕಲೇಶಪುರದಂಥ ಮಲೆನಾಡಿನಲ್ಲಿ ಜಡಿಮಳೆ ಕಳೆಯುವವರೆಗೆ ಕಾಯುವುದೇ ಮೇಲು. ಮೈದಾನದ ತಾಲ್ಲೂಕುಗಳಲ್ಲಿ ಜೂನ್ ಕೊನೆಗೆ ಬಿತ್ತಿದರೆ ಸುಮಾರು 90 ದಿನಗಳಲ್ಲಿ, ನವರಾತ್ರಿಯ ಆಸುಪಾಸಿನಲ್ಲಿ, ಹೂ ಕೈಗೆ ಬರುತ್ತದೆ. ಬೀಜ ಬಹಳ ಸಣ್ಣದಾದ್ದರಿಂದ ತೆಳುವಾಗಿ ಮಣ್ಣು ಮುಚ್ಚಿದರೆ ಸಾಕು. ಸಸಿಯನ್ನು ಬೇರು ಇಕ್ಕಟ್ಟಾಗುವ ಮೊದಲೇ ಗೇಣಿಗೊಂದರಂತೆ ನಾಟಿ ಮಾಡಬೇಕು. ತಡವಾದರೆ ಗಿಡ ಗಿಡ್ಡಗಿದ್ದಾಗಲೇ ಹೂ ಬಿಟ್ಟು, ಮಾರಲು ಬೇಕಾದ ಉದ್ದದ ದಂಟು ಸಿಗುವುದಿಲ್ಲ. ತೆನೆಯಂತೆ ಹೂ ಬಿಡುವ ತಳಿಗಳ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ, ಚಿವುಟಿದ್ದು ಅಡುಗೆಮನೆಗಾಯಿತು. ದೊಡ್ಡ ಜುಟ್ಟು ಒಂದೇ ಬೇಕೆನ್ನುವವರು ಮಾತ್ರ ಕುಡಿ ಮುಟ್ಟಬಾರದು.

ಸೊಪ್ಪಿನಲ್ಲಿ ಮೂತ್ರಪಿಂಡದ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಎಂಬ ಅಂಶ ಇರುವುದರಿಂದ ಬೇಯಿಸಿ ನೀರು ಚೆಲ್ಲುವುದು ಒಳ್ಳೆಯದು. ಬಸ್ಸಾರಿನಲ್ಲಿ ಆ ಬಸಿದ ನೀರೇ ಸಾರಾಗುತ್ತದೆಯಲ್ಲ, ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಪಲ್ಯಕ್ಕಷ್ಟೇ ಮನಸ್ಸು ಮಾಡಲಿ. ಹೂವಿಗೆಂದು ಔಷಧಿ ಸಿಂಪಡಿಸಿದ ಸಾಲಿನಿಂದ ಒಂದೆಲೆಯನ್ನೂ ಒಲೆಗೆ ಏರಿಸಬಾರದು. ಎರಡಕ್ಕೂ ಬೆಳೆಯುವವರು ಔಷಧಿಯನ್ನೇ ಬಿಡುವುದು ಲೇಸೆಂದು ನನ್ನ ಅಭಿಪ್ರಾಯ.

ಹೂ ಪೂರ್ತಿ ಅರಳಿ ಬೀಜ ಕಟ್ಟುವ ಮುನ್ನ, ಬೆಳಗಿನ ತಂಪಿನಲ್ಲಿ ದಂಟನ್ನು ಕೊಯ್ದು, ಹೂವಿಗಿಂತ ಬೇಗ ಬಾಡುವ ಎಲೆಗಳನ್ನೆಲ್ಲ ತೆಗೆದು, ಕೂಡಲೇ ಶುದ್ಧ ನೀರಿನಲ್ಲಿಡಬೇಕು. ನೀರನ್ನು ಆಗಾಗ ಬದಲಿಸುತ್ತಿದ್ದರೆ ವಾರಕ್ಕೂ ಮೀರಿ ಬಾಳುತ್ತದೆ. ಮಾರಾಟವಾಗದೆ ಉಳಿದದ್ದನ್ನು ಗಾಳಿಯಾಡುವ ಕತ್ತಲ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕಿ ಒಣಗಿಸಿದರೆ ಬಣ್ಣ ಬಹುಕಾಲ ಉಳಿಯುತ್ತದೆ. ಬೀಜಕ್ಕಾಗಿ ಒಳ್ಳೆಯ ಒಂದೆರಡು ಗಿಡಗಳನ್ನು ಬಿಟ್ಟು, ಮಿಕ್ಕವನ್ನು ಕರಿಬೀಜ ಉದುರುವ ಮೊದಲೇ ಕಿತ್ತುಹಾಕಿ. ಇಲ್ಲವಾದರೆ ಬರುವ ಮಳೆಗಾಲದಲ್ಲಿ ಪಕ್ಕದ ರಾಗಿ ಹೊಲದವರ ಜೊತೆ ಮಾತಿಗೆ ಮಾತು ಬೆಳೆದೀತು. ನಮಸ್ಕಾರ.